ನವಮಿಯ ದಿನ ಕೊಝುಮೆಲ್‌ನಲ್ಲಿ

ಮೊನ್ನೆ ಆಸ್ಟಿನ್‌ನಲ್ಲಿ, ನನ್ನ ತಮ್ಮನ ಮಗ ನಿಖಿಲನ ಮನೆಯ ಹಿತ್ತಲಲ್ಲಿ ಕೂತಿದ್ದೆ. ಅವನು ತನ್ನ ಮಗಳನ್ನು ಹಿತ್ತಲಿನ ಈಜುಕೊಳಕ್ಕೆ ಇಳಿಸುವ ಮುಂಚೆ ಅವಳ ಬೆನ್ನಿಗೆ ಬಿಸಿಲಿನ ಕ್ರೀಮು ಹಚ್ಚುತ್ತಿದ್ದ. ಕೊಬ್ಬರಿ ಎಣ್ಣೆಯ ಹಾಗೆ, ಆದರೆ ಅದಕ್ಕಿಂತ ಸಿಹಿಯಾದ ಆ ವಾಸನೆ ಮೂಗಿಗೆ ಬಿದ್ದದ್ದೇ, ಕಾಲ ಕೆಳಗಿನ ಸಿಮೆಂಟು ನೆಲ ಮೆಲ್ಲಗೆ ತೂಗತೊಡಗಿತು. ಒಂದು ಕಡೆ ಏರಿ, ಇನ್ನೊಂದು ಕಡೆ ಇಳಿದು, ಮತ್ತೆ ಏರಿ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಹಡಗು ಹತ್ತಿ ಇಳಿದು ಐದು ವರ್ಷವಾಗುತ್ತ ಬಂದಿದ್ದರೂ ಮೈ ಅದನ್ನು ಮರೆತಿರಲಿಲ್ಲ.

ಅದು ಹದಿನಾಲ್ಕನೇ ಇಸವಿಯ ಡಿಸೆಂಬರ್. ಆಗ ನಾನು ಹ್ಯೂಸ್ಟನ್ ಹತ್ತಿರ ಸೈಪ್ರೆಸ್‌ನಲ್ಲಿ ತಮ್ಮ ಶೇಷಾದ್ರಿಯ ಮನೆಯಲ್ಲಿದ್ದೆ. ಮಕ್ಕಳಿಲ್ಲದೆ, ಗಂಡನನ್ನು ಕಳೆದುಕೊಂಡು ಒಬ್ಬಳೇ ಇದ್ದವಳನ್ನು ಅವನು ಕರೆಸಿಕೊಂಡು ಹದಿನೈದು ವರ್ಷ ಕಳೆದಿತ್ತು. ಶೇಷು ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವವನು. "ಜನಕ್ಕೆ ನಿದ್ದೆ ಮಾಡಿಸೋಕೆ ನಾನು ಇಷ್ಟು ವರ್ಷ ಓದಬೇಕಾಯ್ತು. ಅಕ್ಕ ನೋಡಿ, ಎರಡು ನಿಮಿಷ ಪುರಾಣ ಹೇಳಿದ್ರೆ ಸಾಕು, ಎಲ್ಲರೂ ಗೊರಕೆ," ಎಂದು ಬಂದವರ ಮುಂದೆಲ್ಲ ನನ್ನನ್ನು ಹಾಸ್ಯ ಮಾಡುತ್ತಿದ್ದ. ಆ ವರ್ಷವಷ್ಟೇ ಕೆಲಸದಿಂದ ನಿವೃತ್ತನಾಗಿದ್ದ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಟಿ. ನರಸೀಪುರದಲ್ಲಿ ನಮ್ಮಪ್ಪ ಪೌರೋಹಿತ್ಯ ಮಾಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಪಂಚಾಂಗ ಓದಿ ಹೇಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಶೇಷು ಸ್ಕೂಲಿಗೆ ಹೋದ, ನಾನು ಪಂಚಾಂಗ ಹಿಡಿದೆ. ಅದರಲ್ಲಿ ನನಗೆ ಬೇಸರವಿಲ್ಲ. ತಿಥಿ, ವಾರ, ನಕ್ಷತ್ರ, ಘಳಿಗೆ, ಯಾವ ಸಾಲಿನಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಬೆರಳಿಡಬಲ್ಲವಳಾದೆ. ಅಮೆರಿಕಕ್ಕೆ ಬಂದ ಮೇಲೂ ಪ್ರತಿ ಯುಗಾದಿಗೆ ಮೈಸೂರಿನಿಂದ ಪಂಚಾಂಗ ತರಿಸಿಕೊಳ್ಳುತ್ತಿದ್ದೆ. ಅದರಲ್ಲಿರುವುದು ಅಲ್ಲಿಯ ಗಂಟೆ. ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಕಳೆಯಬೇಕು, ಬೇಸಿಗೆಯಲ್ಲಿ ಹತ್ತೂವರೆ. ಕಳೆದ ಮೇಲೆ ಇಲ್ಲಿಯ ಮಧ್ಯಾಹ್ನದ ಹೊತ್ತಿಗೆ ಯಾವ ತಿಥಿ ನಿಲ್ಲುತ್ತದೆ ಎಂದು ನೋಡಬೇಕು. ಎಷ್ಟೋ ಸಲ ಊರಲ್ಲಿ ಒಂದು ದಿನ, ಇಲ್ಲಿ ಅದರ ಹಿಂದಿನ ದಿನ. ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಳ್ಳುತ್ತಿದ್ದೆ. ಹ್ಯೂಸ್ಟನ್ನಿನ ನಾಲ್ಕಾರು ಮನೆಯವರು, ದೊಡ್ಡ ದೊಡ್ಡ ಓದು ಓದಿದವರು, ಫೋನು ಮಾಡಿ "ಜಯಕ್ಕ, ನಮ್ಮ ಮಾವನವರ ತಿಥಿ ಯಾವತ್ತು?" ಎಂದು ಕೇಳುತ್ತಿದ್ದರು. ನನಗೆ ಅದೊಂದೇ ದೊಡ್ಡಸ್ತಿಕೆ.

ನಮ್ಮಮ್ಮ ಹೋದದ್ದು ಮಾರ್ಗಶಿರ ಬಹುಳ ನವಮಿ. ಶೇಷು ಆಗ ಹ್ಯೂಸ್ಟನ್ನಿಗೆ ಹೊಸಬ. ಸುದ್ದಿ ತಲುಪಿ, ವಿಮಾನ ಹತ್ತಿ, ಬಾಂಬೆಯಲ್ಲಿ ಒಂದು ದಿನ ಸಿಕ್ಕಿಹಾಕಿಕೊಂಡು, ಅವನು ಊರು ಮುಟ್ಟುವಾಗ ಮೂರನೇ ದಿನ. ಮುಖ ನೋಡಲು ಸಿಗಲಿಲ್ಲ. ಅಸ್ಥಿಸಂಚಯನದ ಕುಡಿಕೆಯನ್ನು ಕೈಗೆ ಕೊಟ್ಟಾಗ ಅದನ್ನು ಸುಮ್ಮನೆ ಹಿಡಿದು ನಿಂತಿದ್ದ, ತೂಕ ನೋಡುವವನ ಹಾಗೆ. ಆಮೇಲಿನಿಂದ ಅವನು ಒಂದು ವರ್ಷವೂ ನವಮಿ ತಪ್ಪಿಸಿದವನಲ್ಲ. ಆಸ್ಪತ್ರೆಯ ಡ್ಯೂಟಿ ಬದಲಿಸಿಕೊಂಡು, ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಅಪ್ಪ ಕೈಯಲ್ಲಿ ಬರೆದಿಟ್ಟಿದ್ದ ಪುಸ್ತಕ ನೋಡಿಕೊಂಡು ತಾನೇ ಮಾಡುತ್ತಿದ್ದ. ಬರುತ್ತಿದ್ದ ಪುರೋಹಿತರು ಬೇರೆ ಊರಿಗೆ ಹೋದ ಮೇಲೆ, ಸಂಕಲ್ಪವನ್ನು ನಾನೇ ಬಾಗಿಲ ಬಳಿ ಕೂತು ಹೇಳಿಕೊಡುತ್ತಿದ್ದೆ. ಪಿಂಡ ಇಟ್ಟರೆ ಸೈಪ್ರೆಸ್‌ನಲ್ಲಿ ಕಾಗೆ ಬರುತ್ತಿರಲಿಲ್ಲ. ಉದ್ದ ಬಾಲದ, ಹೊಳೆಯುವ ಒಂದು ಕರಿ ಹಕ್ಕಿ ಬರುತ್ತಿತ್ತು. ನನ್ನ ತಮ್ಮನ ಹೆಂಡತಿ ವಿಮಲಾ ಅದಕ್ಕೆ ಟೆಕ್ಸಸ್ ಕಾಗೆ ಎಂದು ಹೆಸರಿಟ್ಟಿದ್ದಳು. ಅದು ಮುಟ್ಟುವ ತನಕ ಶೇಷು ತೇವದ ಪಂಚೆಯಲ್ಲೇ ಹಿತ್ತಲಲ್ಲಿ ನಿಂತಿರುತ್ತಿದ್ದ.

ಆ ವರ್ಷ ನವರಾತ್ರಿಯಲ್ಲಿ ಡಲ್ಲಾಸ್ ಕಡೆಯ ಕ್ಯಾರಲ್ಟನ್‌ನಿಂದ ಕುಲಕರ್ಣಿಯವರು, ಅವರ ಹೆಂಡತಿ ಸುಧಾ ನಮ್ಮ ಮನೆಗೆ ಬಂದಿದ್ದರು. ಧಾರವಾಡದವರು, ಶೇಷುವಿನ ಮೂವತ್ತು ವರ್ಷದ ಗೆಳೆಯರು. ಡಿಸೆಂಬರಿನಲ್ಲಿ ಗ್ಯಾಲ್ವೆಸ್ಟನ್ ಬಂದರಿನಿಂದ ಹಡಗು ಹತ್ತಿ ಕೊಝುಮೆಲ್ ಎಂಬ ದ್ವೀಪಕ್ಕೆ ಹೋಗಿ ಬರೋಣ, ಶನಿವಾರ ಹೊರಟರೆ ಬುಧವಾರ ವಾಪಸು, ಎಂದು ಅವರೇ ಮಾತು ತೆಗೆದದ್ದು.

"ಅಕ್ಕಾರ, ಅಲ್ಲಿ ನೀರು ಹೆಂಗಿರ್ತದ ಗೊತ್ತೇನ್ರಿ?" ಎಂದರು ಸುಧಾ. "ಕುತ್ತಿಗಿ ಮಟಾ ಇಳಿದ್ರೂ ಕಾಲುಂಗುರ ಕಾಣ್ತಾವ."

ಹೇಳಿದ ಮೇಲೆ ನನ್ನ ಬರಿಗಾಲು ನೋಡಿ ನಾಲಿಗೆ ಕಚ್ಚಿಕೊಂಡರು. "ಬಿಡಿ, ನನಗೆ ಕಾಲಿನ ಆಣಿ ಕಾಣುತ್ತೆ," ಎಂದೆ. ಎಲ್ಲರೂ ನಕ್ಕರು. ಆ ರಾತ್ರಿ ಮಲಗಿದರೆ ಕಣ್ಣ ತುಂಬ ಆ ನೀರು. ಅರವತ್ತಾರು ವರ್ಷದಲ್ಲಿ ನಾನು ಕಂಡಿದ್ದು ಕಾವೇರಿ, ಕಪಿಲೆ, ಬಾವಿ, ನಲ್ಲಿ. ಕುತ್ತಿಗೆ ಮಟ್ಟ ನಿಂತು ಕಾಲು ನೋಡಿಕೊಳ್ಳುವ ನೀರು ಇದೆಯೆಂದರೆ ಅದನ್ನು ನೋಡಬೇಕು ಅನ್ನಿಸಿತು. ಇಷ್ಟು ಗಟ್ಟಿಯಾಗಿ ಏನನ್ನಾದರೂ ನಾನು ಬಯಸಿದ್ದು ಅದಕ್ಕೆ ಮುಂಚೆ ನೆನಪಿಲ್ಲ.

ಟಿಕೆಟ್ ಆಯಿತು. ಅದಾದ ಒಂದು ವಾರಕ್ಕೆ ನಾನು ಪಂಚಾಂಗ ತೆಗೆದು ಗಂಟೆ ಕಳೆದೆ. ಆ ವರ್ಷ ಊರಿನಲ್ಲೂ ಇಲ್ಲೂ ನವಮಿ ಒಂದೇ ದಿನ, ಸೋಮವಾರ. ಹಡಗು ದ್ವೀಪದಲ್ಲಿ ನಿಲ್ಲುವ ದಿನ. ಮತ್ತೊಮ್ಮೆ ಕಳೆದೆ. ಸೋಮವಾರವೇ.

ಹೇಳಬೇಕಿತ್ತು. ಹೇಳಿದ್ದರೆ ಶೇಷು ಒಂದು ಮಾತೂ ಆಡದೆ ಟಿಕೆಟ್ ಕ್ಯಾನ್ಸಲ್ ಮಾಡುತ್ತಿದ್ದ. ಹಿಂದೆ ಎರಡು ಸಲ ನನ್ನ ಪಂಚಾಂಗದಿಂದ ಅವರ ಪ್ರಯಾಣ ನಿಂತಿತ್ತು. ಅದಕ್ಕೇ ವಿಮಲಾ ಮೊದಲೇ, "ಅತ್ತಿಗೆ, ಈ ಸಲ ನಿಮ್ಮ ಪುಸ್ತಕ ಅಡ್ಡ ಬರಲ್ಲ ತಾನೆ?" ಎಂದು ನಗುತ್ತಲೇ ಕೇಳಿದ್ದಳು. ಅವಳಿಗೆ ಹೆದರಿ ಸುಳ್ಳು ಹೇಳಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಅವಳು ಬೈಯುವವಳಲ್ಲ. ನನ್ನನ್ನು ಯಾರೂ ಒತ್ತಾಯ ಮಾಡಲಿಲ್ಲ. ನನಗೆ ಹೋಗಬೇಕಿತ್ತು, ಅಷ್ಟೇ.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಶೇಷು ಕೇಳಿಯೇ ಬಿಟ್ಟ. "ಅಕ್ಕ, ಅಮ್ಮನ ತಿಥಿ ಈ ಸಲ ಯಾವತ್ತು? ಟ್ರಿಪ್ಪಿನ ಮಧ್ಯೆ ಬರಲ್ಲ ತಾನೆ?"

"ಇಲ್ಲ ಕಣೋ. ಬಂದ ಮಾರನೇ ದಿನ. ಗುರುವಾರ."

"ಅಷ್ಟು ತಡವಾಗಿ ಬಂತಾ?"

"ತಿಥಿವೃದ್ಧಿ ಇದೆ ಈ ಪಕ್ಷದಲ್ಲಿ. ಮುಂದಕ್ಕೆ ಹೋಗಿದೆ."

ತಿಥಿವೃದ್ಧಿ ಎಂಬುದು ಸುಳ್ಳಲ್ಲ, ಕೆಲವು ಪಕ್ಷಗಳಲ್ಲಿ ಒಂದು ತಿಥಿ ಎರಡು ದಿನ ಎಳೆಯುತ್ತದೆ. ಆ ಪಕ್ಷದಲ್ಲಿ ಎಳೆದಿರಲಿಲ್ಲ. ಅಷ್ಟು ಓದಿದ ತಮ್ಮ ತಲೆಯಾಡಿಸಿ, "ಸರಿ, ನೀನು ಹೇಳಿದ ಮೇಲೆ ಮುಗೀತು," ಎಂದು ಲೋಟ ಸಿಂಕಿನಲ್ಲಿಟ್ಟು ಹೋದ. ನಾನು ಪಂಚಾಂಗವನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಹೊರಡುವ ದಿನ ಗ್ಯಾಲ್ವೆಸ್ಟನ್ನಿನಲ್ಲಿ ಮಂಜು. ಡಿಸೆಂಬರಿನಲ್ಲಿ ಸಮುದ್ರ ಬೆಚ್ಚಗಿದ್ದು ಗಾಳಿ ತಣ್ಣಗಾದರೆ ಅಲ್ಲಿ ಹೀಗಾಗುತ್ತದಂತೆ. ಹಡಗಿನೊಳಗೆ ಹತ್ತಿ ಕೂತಿದ್ದೆವು, ಆದರೆ ಹಡಗು ಕಾಣುತ್ತಿರಲಿಲ್ಲ. ಕಂಬಿ ಹಿಡಿದು ನಿಂತರೆ ನಮ್ಮ ಕೈ ಕಾಣುತ್ತಿತ್ತು, ಅದರಾಚೆ ಹತ್ತಿ ಹಿಂಜಿ ಹರವಿದ ಹಾಗೆ ಬೆಳ್ಳಗೆ. ಎಲ್ಲಿಯೋ ಒಂದು ಕೊಂಬು ಊದುತ್ತಿತ್ತು. ಅದಕ್ಕೆ ಇನ್ನೆಲ್ಲಿಂದಲೋ ಇನ್ನೊಂದು ಉತ್ತರ ಕೊಡುತ್ತಿತ್ತು.

"ಡಾಕ್ಟ್ರ, ನಿಮ್ಮ ಅಕ್ಕಾರನ್ನ ಕೇಳ್ರಿ," ಎಂದರು ಕುಲಕರ್ಣಿ. "ಈ ಮಂಜು ಯಾವ ಮುಹೂರ್ತಕ್ಕ ಏಳ್ತದಂತ."

"ಅಕ್ಕ ಪಂಚಾಂಗ ಮನೇಲೇ ಬಿಟ್ಟು ಬಂದಿದ್ದಾಳೆ ಕಣ್ರೀ. ಈ ಸಲ ಅವಳಿಗೂ ರಜ."

ಸಂಜೆ ಹೊತ್ತಿಗೆ ಮಂಜು ಹರಿಯಿತೋ, ನಾವೇ ಅದರೊಳಗಿಂದ ಜಾರಿಕೊಂಡೆವೋ ತಿಳಿಯಲಿಲ್ಲ. ದಡ ಕಾಣದೆ ಹೊರಟಿದ್ದರಿಂದ ದಡ ಬಿಟ್ಟ ಹಾಗೇ ಅನ್ನಿಸಲಿಲ್ಲ. ಮಾರನೇ ದಿನ ಎದ್ದರೆ ಸುತ್ತಲೂ ನೀರು, ಬೇರೆ ಏನೂ ಇಲ್ಲ. ನಾನು ಇಡೀ ಭಾನುವಾರ ಡೆಕ್ಕಿನ ಒಂದು ಉದ್ದ ಕುರ್ಚಿಯಲ್ಲಿ ಮಲಗಿದ್ದೆ. ಕೆಲಸವಿಲ್ಲದೆ ಅಷ್ಟು ಹೊತ್ತು ನಾನು ಮಲಗಿದ್ದು ಜ್ವರ ಬಂದಾಗ ಮಾತ್ರ. ಆಕಾಶ ಒಂದು ಕಡೆ ಬಾಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಕೋಣೆಗೆ ಹೋದರೆ ಯಾರೋ ಟವೆಲಿನಲ್ಲಿ ಆನೆ ಮಾಡಿ ಹಾಸಿಗೆಯ ಮೇಲೆ ಕೂರಿಸಿದ್ದರು. ಅದನ್ನು ಬಿಚ್ಚಲು ಮನಸ್ಸಾಗದೆ ಸೆರಗಿನಲ್ಲೇ ಮುಖ ಒರೆಸಿಕೊಂಡೆ. ಕುಲಕರ್ಣಿಯವರು ಊಟದ ಸಾಲಿನಲ್ಲಿ ತಟ್ಟೆ ಹಿಡಿದು, "ದಿನಕ್ಕ ಎಂಟು ಸಲ ಹಾಕ್ತಾರ್ರಿ ಅಕ್ಕಾರ. ನಮ್ಮ ಕಡೆ ಮದುವಿ ಮನ್ಯಾಗೂ ಇಷ್ಟು ಮರ್ಯಾದಿ ಮಾಡಂಗಿಲ್ಲ," ಎನ್ನುತ್ತಾ ತಮ್ಮ ಚೀಲದಿಂದ ಶೇಂಗಾ ಚಟ್ನಿ ತೆಗೆದು ಎಲ್ಲದರ ಮೇಲೂ ಉದುರಿಸುತ್ತಿದ್ದರು. ಆ ದಿನ ಅಷ್ಟಮಿ. ನನಗೆ ನೆನಪಾಗುತ್ತಿತ್ತು, ಮತ್ತೆ ನೀರು ನೋಡುತ್ತಾ ಮರೆತುಹೋಗುತ್ತಿತ್ತು.

ಸೋಮವಾರ ಬೆಳಿಗ್ಗೆ ದ್ವೀಪ ಬಂತು. ನೀರಿನ ಮೇಲೆ ಯಾರೋ ಹಸಿರು ಚಾಪೆ ಹಾಸಿದ ಹಾಗೆ, ಬೆಟ್ಟವಿಲ್ಲ, ಎತ್ತರವಿಲ್ಲ. ನೀರಿನ ಬಣ್ಣವನ್ನು ನಾನು ಹೇಳಲಾರೆ. ದಡದ ಹತ್ತಿರ ಎಳನೀರಿನ ಹಾಗೆ, ಸ್ವಲ್ಪ ಆಚೆ ಹಸಿ ಬಟಾಣಿ, ಅದರಾಚೆ ನವಿಲಿನ ಕತ್ತು.

ಒಂದು ವ್ಯಾನು ಮಾಡಿಕೊಂಡೆವು. ಡ್ರೈವರು ಮೊದಲು ದ್ವೀಪದ ಮಧ್ಯದ ಕಾಡಿನಲ್ಲಿರುವ ಹಳೇ ಗುಡಿಗಳ ಜಾಗಕ್ಕೆ ಕರೆದುಕೊಂಡು ಹೋದ. ಬಿದ್ದ ಕಲ್ಲುಗಳು, ಅರ್ಧ ಗೋಡೆಗಳು. ಬಿಸಿಲಿಗೆ ಮೈಯೊಡ್ಡಿ ಮಲಗಿದ್ದ ದೊಡ್ಡ ದೊಡ್ಡ ಓತಿಕೇತಗಳು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶೇಷು ನನಗೆ ಕನ್ನಡದಲ್ಲಿ ಹೇಳಿದ. ಇಲ್ಲಿ ಒಬ್ಬಳು ಚಂದ್ರನ ದೇವಿಯಿದ್ದಳಂತೆ. ಹೆಂಗಸರು ಜೀವಮಾನದಲ್ಲಿ ಒಂದು ಸಲವಾದರೂ ದೋಣಿಯಲ್ಲಿ ಸಮುದ್ರ ದಾಟಿ ಬಂದು ಅವಳಿಗೆ ಕೈ ಮುಗಿದು ಹೋಗಬೇಕಿತ್ತಂತೆ. ನಾನು ಒಂದು ಕಲ್ಲಿನ ಮೇಲೆ ಕೂತೆ. ಆ ಹೆಂಗಸರು ಮನೆಯಲ್ಲಿ ಏನು ಹೇಳಿ ಬರುತ್ತಿದ್ದರೋ ಎಂದುಕೊಂಡೆ. ಸುಧಾ ನನ್ನ ಫೋಟೋ ತೆಗೆದರು. ಅದರಲ್ಲಿ ನಾನು ನಗುತ್ತಿದ್ದೇನೆ.

ಅಲ್ಲಿಂದ ಸಮುದ್ರದ ಬದಿಗೆ ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಗರಿ ಹೊದಿಸಿದ ಒಂದು ಚಪ್ಪರದ ಹೋಟೆಲು, ಮರಳಲ್ಲೇ ಮೇಜು. ವಿಮಲಾ ಎಲ್ಲರಿಗೂ ಬಿಸಿಲಿನ ಕ್ರೀಮು ಹಚ್ಚಿದಳು, ನನ್ನ ಮೂಗಿಗೂ. ಎಲ್ಲ ಕಡೆ ಆ ಕೊಬ್ಬರಿ ವಾಸನೆ. ಕರಿ ಹುರುಳಿಯಂಥ ಕಾಳಿನ ಪಲ್ಯ, ಅನ್ನ, ಹೆಚ್ಚಿದ ಈರುಳ್ಳಿ, ಮೆಕ್ಕೆಜೋಳದ ರೊಟ್ಟಿ ತಂದಿಟ್ಟರು. ಕುಲಕರ್ಣಿಯವರು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಬಡದಿಲ್ಲ, ಒತ್ಯಾರ," ಎಂದು ತೀರ್ಪು ಕೊಟ್ಟರು. ಇಬ್ಬರೂ ಗಂಡಸರು ಒಂದೊಂದು ಬಿಯರ್ ತರಿಸಿಕೊಂಡರು.

ನಾನು ನೆರಳು ನೋಡಿದೆ. ಅದು ಪೂರ್ವಕ್ಕೆ ತಿರುಗಿತ್ತು. ಅಪರಾಹ್ಣ. ಸೈಪ್ರೆಸ್‌ನಲ್ಲಿದ್ದರೆ ಈ ಹೊತ್ತಿಗೆ ಅವನು ಖಾಲಿ ಹೊಟ್ಟೆಯಲ್ಲಿ ದರ್ಭೆ ಹಿಡಿದು ಕೂತಿರುತ್ತಿದ್ದ. ಇಲ್ಲಿ ಈರುಳ್ಳಿ ಕಚ್ಚುತ್ತಾ, ಹೂವಿನ ಅಂಗಿ ಹಾಕಿಕೊಂಡು, ಕುಲಕರ್ಣಿಯವರ ಯಾವುದೋ ಮಾತಿಗೆ ಮೈ ಕುಲುಕಿ ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಯಾಕಕ್ಕ, ಹಿಡಿಸಲಿಲ್ವಾ?"

"ಹಸಿವಿಲ್ಲ."

ಆಗ ಒಂದು ಕರಿ ಹಕ್ಕಿ ಮೇಜಿನ ಮೇಲೆ ಬಂದು ಕೂತಿತು. ಅದೇ ಉದ್ದ ಬಾಲ, ಅದೇ ಹಳದಿ ಕಣ್ಣು. ಅಲ್ಲೂ ಅವು ಇವೆಯೆಂದು ನನಗೆ ಗೊತ್ತಿರಲಿಲ್ಲ. ಯಾರ ಹೆದರಿಕೆಯೂ ಇಲ್ಲದೆ ಶೇಷುವಿನ ತಟ್ಟೆಯ ಹತ್ತಿರ ಕುಪ್ಪಳಿಸಿ, ಅನ್ನಕ್ಕೆ ಕೊಕ್ಕು ಹಾಕಿ, ಹಾರಿತು. "ಅರೆ, ನಮ್ಮ ಹಿಂದೇನೇ ಬಂದಿದೆ ನೋಡು ವಿಮಲಾ," ಎಂದು ಅವನು ನಕ್ಕ. ಸರಿ, ಅಮ್ಮನಿಗೆ ಮುಟ್ಟಿತು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡದ್ದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಹಕ್ಕಿ ಎಲ್ಲ ಮೇಜಿನ ಮೇಲೂ ಕೂರುತ್ತಿತ್ತು.

ಊಟವಾದ ಮೇಲೆ ಅವರು ನೀರಿಗಿಳಿದರು. ನಾನು ವಿಮಲಾಳ ಚೂಡಿದಾರ ಹಾಕಿಕೊಂಡು ಮೊಣಕಾಲು ಮಟ್ಟ ನಿಂತೆ, ಸೊಂಟದ ಮಟ್ಟ, ಆಮೇಲೆ ಎದೆ ಮಟ್ಟ. ಕೆಳಗೆ ನೋಡಿದರೆ ಸುಧಾ ಹೇಳಿದ್ದು ನಿಜ. ನನ್ನ ಎರಡು ಪಾದಗಳು, ಹತ್ತು ಬೆರಳುಗಳು, ಬಿಳಿ ಮರಳಿನ ಮೇಲೆ. ಬೆರಳಿನ ಅಳತೆಯ ಪಟ್ಟೆ ಪಟ್ಟೆ ಮೀನುಗಳು ಕಾಲಿನ ಸಂದಿಯಲ್ಲಿ ಹೋಗಿ ಬಂದವು. ಅವು ನನ್ನವೇ ಕಾಲು ಎಂದು ನಂಬಲು ಬೆರಳು ಆಡಿಸಬೇಕಾಯಿತು.

ಶೇಷು ಸ್ವಲ್ಪ ಆಚೆ ಮೇಲ್ಮುಖವಾಗಿ ತೇಲುತ್ತಿದ್ದ. "ಬಾರೇ ಅಕ್ಕ, ನಮ್ಮೂರ ಹೊಳೆಗಿಂತ ಸುಲಭ. ಉಪ್ಪು ನೀರು ತಾನೇ ಎತ್ತಿ ಹಿಡಿಯುತ್ತೆ."

"ಮುಳುಗಿಸಿಬಿಟ್ಟೀಯ. ಬೇಡಪ್ಪ."

"ಮೂವತ್ತು ವರ್ಷ ಜನರ ಜೀವ ಕೈಯಲ್ಲಿ ಹಿಡಿದಿದ್ದೀನಿ. ಒಬ್ಬರನ್ನೂ ಕೆಳಗೆ ಹಾಕಿಲ್ಲ. ಮಲಗು."

ಬೆನ್ನಿನ ಕೆಳಗೆ ಎರಡೂ ಅಂಗೈ ಕೊಟ್ಟ. ನಾನು ಗಟ್ಟಿಯಾಗಿದ್ದೆ, ಹಲಗೆಯ ಹಾಗೆ. "ಕಣ್ಣು ಮುಚ್ಚಬೇಡ. ಮೇಲೆ ನೋಡು. ಹತ್ತರಿಂದ ಹಿಂದಕ್ಕೆ ಎಣಿಸು," ಎಂದ. ಅದು ಅವನ ಆಸ್ಪತ್ರೆಯ ದನಿ ಇರಬೇಕು, ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಎಣಿಸಿದೆ. ಕಿವಿ ನೀರಿನೊಳಗಿತ್ತು. ನನ್ನ ದನಿ ನನಗೇ ದೂರದಿಂದ ಬಂದ ಹಾಗೆ ಕೇಳಿತು. ಎಂಟು, ಏಳು. ಮೋಡವೊಂದು ತುಂಡಾಗಿ ಎರಡಾಯಿತು. ನಾಲ್ಕು ಎನ್ನುವಾಗಲೋ ಮೂರು ಎನ್ನುವಾಗಲೋ ಅವನು ಕೈ ತೆಗೆದಿದ್ದ. ನನಗೆ ಗೊತ್ತಾಗಲಿಲ್ಲ. ಒಂದು ಮುಗಿದ ಮೇಲೂ ಹಾಗೇ ಇದ್ದೆ. ತಲೆಯ ಹತ್ತಿರ ಅವನೂ ತೇಲುತ್ತಿದ್ದ. ಅಪರಾಹ್ಣ ನಮ್ಮ ಮೇಲೆ ಮೆಲ್ಲಗೆ ಹಾದುಹೋಯಿತು. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ತಪ್ಪಿನ ನೆನಪು ಕೂಡ ಇರಲಿಲ್ಲ. ಬೇಕಾದ್ದು ಸಿಕ್ಕಿದವಳ ಹಾಗೆ ಮಲಗಿದ್ದೆ.

ಗುರುವಾರ ಸೈಪ್ರೆಸ್‌ನಲ್ಲಿ ಎಲ್ಲವೂ ಎಂದಿನಂತೆ ನಡೆಯಿತು. ನಾನು ಬೆಳಿಗ್ಗೆ ನಾಲ್ಕಕ್ಕೆದ್ದು ಮಡಿಯುಟ್ಟು ವಡೆ, ಪಾಯಸ, ಎಳ್ಳುಂಡೆ ಮಾಡಿದೆ. ಶೇಷು ಹಿಂದಿನ ರಾತ್ರಿಯಿಂದ ಹನಿ ನೀರು ಕುಡಿದಿರಲಿಲ್ಲ. ಒದ್ದೆ ಪಂಚೆಯಲ್ಲಿ ಕೂತು ದರ್ಭೆ ಹಿಡಿದು ನನ್ನ ಕಡೆ ತಿರುಗಿದ. ನಾನು ಬಾಗಿಲ ಬಳಿ ಕೂತು ಹೇಳಿಕೊಡಬೇಕು. ಮಾರ್ಗಶಿರ ಮಾಸೇ ಎಂದೆ. ಅವನೂ ಎಂದ. ಕೃಷ್ಣಪಕ್ಷೇ ಎಂದೆ. ಆ ದಿನ ದ್ವಾದಶಿ. ಅವನು ಕಾಯುತ್ತಿದ್ದ, ಅಂಗೈಯಲ್ಲಿ ನೀರು ಹಿಡಿದು.

"ನವಮ್ಯಾಂ," ಎಂದೆ.

"ನವಮ್ಯಾಂ," ಎಂದ ನನ್ನ ತಮ್ಮ.

ಎಲ್ಲ ಮುಗಿದು, ಹಿತ್ತಲಿನಿಂದ ಒಳಗೆ ಬಂದವನ ಕಣ್ಣು ಕೆಂಪಗಿತ್ತು. "ಯಾಕೋ ಈ ಸಲ ಅಮ್ಮ ಹತ್ತಿರವೇ ಕೂತ ಹಾಗಿತ್ತು ಅಕ್ಕ," ಎಂದ. ನಾನು ಎಲೆ ಹಾಕಲು ಒಳಗೆ ಹೋದೆ.

ಇದಕ್ಕೆ ಪರಿಹಾರವಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದಿತ್ತು. ಅದೂ ಇಲ್ಲ. ತಿಥಿ ತಪ್ಪಿದರೆ ಆ ಪಕ್ಷದ ಅಮಾವಾಸ್ಯೆಯಂದು ಮಾಡಬಹುದು ಎಂದು ಅಪ್ಪನೇ ಎಷ್ಟೋ ಜನರಿಗೆ ಹೇಳಿದ್ದನ್ನು ನಾನು ಕೇಳಿದ್ದೆ. ಅಮಾವಾಸ್ಯೆ ಭಾನುವಾರವಿತ್ತು. ಶುಕ್ರವಾರ ಹೇಳೋಣ ಎಂದುಕೊಂಡೆ, ಶನಿವಾರ ಹೇಳೋಣ ಎಂದುಕೊಂಡೆ. ಅವನು ಹಡಗಿನ ಫೋಟೋಗಳನ್ನು ಟಿವಿಗೆ ಹಾಕಿ, "ಬಾ ಅಕ್ಕ, ನೀನು ತೇಲಿದ್ದು ನೋಡು," ಎಂದು ಕರೆಯುತ್ತಿದ್ದ. ನನ್ನ ಲೆಕ್ಕ ಸರಿಯಿಲ್ಲ ಎಂದು ಅವನಿಗೆ ಗೊತ್ತಾದರೆ ನನ್ನ ಹತ್ತಿರ ಇನ್ನೇನು ಉಳಿಯುತ್ತದೆ ಎಂಬ ಭಯ. ಭಾನುವಾರ ಬಂತು. ಹೋಯಿತು.

ಎರಡು ವರ್ಷದ ಮೇಲೆ ಕ್ಯಾರಲ್ಟನ್ನಿನಲ್ಲಿ ಕುಲಕರ್ಣಿಯವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಶ್ರಾದ್ಧದ ಮಾತು ಬಂತು. ಕುಲಕರ್ಣಿಯವರು, "ನಮಗ ಆಗಂಗಿಲ್ರಿ ಡಾಕ್ಟ್ರ. ಒಂದ್ ವರ್ಷ ನೆನಪಿದ್ರ ಎರಡ್ ವರ್ಷ ಮರಿತೀನಿ," ಎಂದರು.

ಶೇಷು ಮೊಸರನ್ನ ಕಲಸುತ್ತಾ ಹೇಳಿದ. "ಅಮ್ಮನ ಮುಖ ನೋಡೋಕೆ ಆಗಲಿಲ್ಲ ಕಣ್ರೀ. ಅವತ್ತೇ ಅಂದುಕೊಂಡೆ, ಇದೊಂದು ತಪ್ಪಿಸಲ್ಲ ಅಂತ. ಇವತ್ತಿನವರೆಗೂ ಒಂದು ನವಮಿ ತಪ್ಪಿಲ್ಲ. ಬೇಕಾದ್ರೆ ಅಕ್ಕನ್ನ ಕೇಳಿ."

ಎಲ್ಲರೂ ನನ್ನ ಕಡೆ ನೋಡಿದರು. ಮಧ್ಯಾಹ್ನದ ಬೆಳಕು, ಸುಧಾ ಕೈಯಲ್ಲಿ ತುಪ್ಪದ ಬಟ್ಟಲು, ಶೇಷುವಿನ ಮುಖದಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗನ ಹೆಮ್ಮೆ.

"ಹೌದು," ಎಂದೆ. "ಒಂದೂ ತಪ್ಪಿಲ್ಲ."

ಮೊದಲ ಸುಳ್ಳನ್ನು ಆಸೆಯಿಂದ ಹೇಳಿದ್ದೆ. ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಅವನಿಗೋಸ್ಕರ ಎಂದು ಆಗ ಅನ್ನಿಸಿತ್ತು. ಹೋದ ವರ್ಷ, ಹದಿನೆಂಟರ ಬೇಸಿಗೆಯಲ್ಲಿ, ಶೇಷು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಸೋಫಾದಲ್ಲಿ ಕೂತವನು ಏಳಲಿಲ್ಲ. ವಿಮಲಾ ಅಡುಗೆಮನೆಯಿಂದ ಎರಡು ಸಲ ಕರೆದಳು. ನಾನು ಹೋಗಿ ಭುಜ ಮುಟ್ಟಿದೆ.

ಈ ಸಲ ನಿಖಿಲ್ ನನ್ನನ್ನು ಆಸ್ಟಿನ್ನಿಗೆ ಕರೆಸಿಕೊಂಡದ್ದು ಅವನಪ್ಪನ ವರ್ಷದ ತಿಥಿಯ ವಿಚಾರ ಮಾತಾಡಲು. ದ ಡೊಮೇನ್ ಎಂಬ ಬಡಾವಣೆಯ ಹತ್ತಿರ ಅವನ ಆಫೀಸು, ಮನೆಯೂ ಅಲ್ಲೇ ಸಮೀಪ. ಮಗಳು ನೀರಿನಲ್ಲಿ ಆಡುವಾಗ ಅವನು ನನ್ನ ಪಕ್ಕ ಬಂದು ಕೂತ. ಅವನಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷೇ ಹೆಚ್ಚು.

"ಅತ್ತೆ, ಆ್ಯಪ್ ಒಂದು ಡೇಟ್ ತೋರಿಸ್ತಿದೆ. ಬಟ್ ಅಪ್ಪ ಆಲ್ವೇಸ್ ಸೆಡ್, ಆಸ್ಕ್ ಅತ್ತೆ. ಯಾವತ್ತು ಮಾಡ್ಲಿ?"

"ಆ್ಯಪ್ ಹೇಳಿದ ದಿನವೇ ಮಾಡು. ನನ್ನ ಮಾತು ನಂಬಬೇಡ."

ಅವನು ಹಾಸ್ಯವೆಂದುಕೊಂಡ. ಆಮೇಲೆ ನನ್ನ ಮುಖ ನೋಡಿ ಫೋನು ಕೆಳಗಿಟ್ಟ. ನಾನು ಹೇಳಿದೆ. ಹಡಗು, ಸೋಮವಾರ, ತಿಥಿವೃದ್ಧಿ, ಗುರುವಾರದ ಸಂಕಲ್ಪ, ಅಮಾವಾಸ್ಯೆ, ಕ್ಯಾರಲ್ಟನ್ನಿನ ಊಟ. ಎಲ್ಲ. ಹೇಳಿ ಮುಗಿಯುವಾಗ ಮಗು ಎರಡು ಸಲ ಬಂದು ಟವೆಲು ಕೇಳಿ ಹೋಗಿತ್ತು.

ಅವನು ಎದ್ದು ಮಗಳಿಗೆ ಟವೆಲು ಹೊದಿಸಿ ಬಂದ. "ನಾನು ಮಾಡಬಹುದಾ ಈಗ? ಅಜ್ಜಿಗೆ, ಫಾರ್ ದಟ್ ಇಯರ್?" ಎಂದು ಕೇಳಿದ.

"ಮಾಡು. ನಿನ್ನದಾಗುತ್ತೆ. ನಿಮ್ಮಪ್ಪನ ಲೆಕ್ಕಕ್ಕೆ ಅದು ಸೇರಲ್ಲ ಕಣೋ."

"ಅಮ್ಮಂಗೆ ಗೊತ್ತಾ?"

"ಇಲ್ಲ. ಬರೆದು ಕೊಡ್ತೀನಿ. ಬಾಯಲ್ಲಿ ಹೇಳೋಕೆ ಆಗ್ತಿಲ್ಲ." ಇದನ್ನು ನಾನು ಬರೆಯುತ್ತಿರುವುದು ಅದಕ್ಕೇ. ವಿಮಲಾ, ಮೊದಲು ನೀನು ಓದಬೇಕು.

ನಿಖಿಲ್ ತಲೆಯಾಡಿಸಿದ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನಪ್ಪನ ಹಾಗೆಯೇ ಗಲ್ಲ ಉಜ್ಜಿಕೊಂಡ.

"ಸೋ ನಿಮಗೆ ಹೋಗಬೇಕಿತ್ತು. ದಟ್ಸ್ ಆಲ್?"

"ಅಷ್ಟೇ."

"ವಾಸ್ ಇಟ್ ಬ್ಯೂಟಿಫುಲ್, ಅತ್ತೆ?"

ಇಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ತಪ್ಪು ಮಾಡಿದವಳ ಬಾಯಲ್ಲಿ ಅದೇ ಚೆಂದ. ಏನಿದೆ, ಬರೀ ನೀರು ಎಂದುಬಿಟ್ಟರೆ ಅವನಿಗೂ ಹಗುರ, ನನಗೂ ಹಗುರ.

"ತುಂಬ ಚೆನ್ನಾಗಿತ್ತು ಕಣೋ," ಎಂದೆ. "ಅಷ್ಟು ಚೆನ್ನಾಗಿರೋದನ್ನ ನಾನು ಮತ್ತೆ ನೋಡಲೇ ಇಲ್ಲ."